ಇಷ್ಟವಿಲ್ಲದ ನರ್ಸಿಂಗ್ ಕೆಲಸದಲ್ಲಿ ನಾಲ್ಕನೇ ವರ್ಷ, ನೀವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ?

ಜಗಳೂರು_ಹುಡುಗಿ

ಎಲ್ಲರಿಗೂ ನಮಸ್ಕಾರ. ಮೂರು ಸಲ ಬರೆದು ಅಳಿಸಿದ್ದೇನೆ, ಇದು ನಾಲ್ಕನೇ ಸಲ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ, ಆಸ್ಪತ್ರೆಯ ಹೆಸರು ಬೇಡ. ಊರು ಜಗಳೂರು ಕಡೆ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿ ನಾಲ್ಕನೇ ವರ್ಷ ನಡೆಯುತ್ತಿದೆ.

ನನಗೆ ಈ ಕೆಲಸ ಇಷ್ಟವಿಲ್ಲ. ಇಷ್ಟು ನೇರವಾಗಿ ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವಳು, ಕನ್ನಡ ಟೀಚರ್ ಆಗಬೇಕು ಅಂತಿದ್ದೆ. ಆಗ ಮಳೆ ಕೈಕೊಟ್ಟು ಮೆಕ್ಕೆಜೋಳ ಪೂರ್ತಿ ಹೋಗಿತ್ತು, ಅಪ್ಪನಿಗೆ ಯಾರೋ ನರ್ಸಿಂಗ್ ಮಾಡಿಸಿದರೆ ಮರುದಿನವೇ ಕೆಲಸ ಅಂದರು. ಅದು ಸುಳ್ಳೇನಲ್ಲ. ಕೆಲಸ ಸಿಕ್ಕಿತು. ಹದಿನಾಲ್ಕು ಸಾವಿರ ಸಂಬಳ, ಅದರಲ್ಲಿ ಐದು ಸಾವಿರ ಮನೆಗೆ, ಓದಿಗೆ ಮಾಡಿದ ಸಾಲಕ್ಕೆ ಮೂರು ಸಾವಿರ, ಉಳಿದದ್ದು ವಿನೋಬ ನಗರದ ಪಿಜಿಗೆ ಮತ್ತು ಹೊಟ್ಟೆಗೆ.

ವಾರ್ಡಿನಲ್ಲಿ ಇಪ್ಪತ್ತೆಂಟು ಬೆಡ್. ರಾತ್ರಿ ಇಬ್ಬರು ಸಿಸ್ಟರ್ಸ್ ಇರಬೇಕು, ಜಾಸ್ತಿ ದಿನ ನಾನೊಬ್ಬಳೇ, ಜೊತೆಗೆ ಒಬ್ಬ ಸ್ಟೂಡೆಂಟ್. ಒಂದು ಕಡೆ ಡ್ರಿಪ್ ಮುಗಿದಿದೆ ಅಂತ ಕೂಗುತ್ತಾರೆ, ಇನ್ನೊಂದು ಕಡೆ ಕ್ಯಾನುಲಾ (ಡ್ರಿಪ್ ಸೂಜಿ) ಹಾಕಿದ ಜಾಗ ಊದಿಕೊಂಡಿರುತ್ತದೆ, ಅಷ್ಟರಲ್ಲಿ ಹೊಸ ಅಡ್ಮಿಷನ್ ಬರುತ್ತದೆ, ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರ್ ಒಂದು ಚಾರ್ಟ್ ತುಂಬಿಲ್ಲ ಅಂತ ರೋಗಿಗಳ ಎದುರಿಗೇ ಬೈಯುತ್ತಾರೆ. ಡ್ಯೂಟಿಗೆ ಹೊರಡುವ ಒಂದು ಗಂಟೆ ಮೊದಲೇ ಹೊಟ್ಟೆ ಹಿಡಿದುಕೊಳ್ಳುತ್ತದೆ. ಎರಡು ಸಲ ಲಿನನ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ಹೋದ ಮಂಗಳವಾರ ರಾತ್ರಿ ಒಬ್ಬ ಅಜ್ಜಿ ಮೂರನೇ ಸಲ ನೀರು ಕೇಳಿದರು. ನಾನು "ಎಷ್ಟು ಸಲ ಕೇಳ್ತೀರಿ, ಸುಮ್ನೆ ಮಲಗಿ" ಅಂತ ಸಿಡುಕಿದೆ. ಅಜ್ಜಿ "ತಪ್ಪಾತು ತಾಯಿ" ಅಂದರು. ನೀರು ಕೇಳಿದ್ದಕ್ಕೆ ಕ್ಷಮೆ. ಅದಾದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ.

ಊರಲ್ಲಿ ಎಲ್ಲರೂ "ನಿಮ್ಮ ಮಗಳು ದೇವರ ಕೆಲಸ ಮಾಡ್ತಾಳೆ" ಅಂತ ಅಪ್ಪನಿಗೆ ಹೇಳುತ್ತಾರೆ. ಅದನ್ನು ಕೇಳಿದಾಗಲೆಲ್ಲ ಎದೆ ಮೇಲೆ ಕಲ್ಲು ಇಟ್ಟ ಹಾಗಾಗುತ್ತದೆ. ಇಷ್ಟವಿಲ್ಲದೆ ಈ ಕೆಲಸ ಮಾಡುತ್ತಿರುವವರು ಬೇರೆ ಯಾರಾದರೂ ಇದ್ದೀರಾ? ಹೇಗೆ ದಿನ ದೂಡುತ್ತೀರಿ?

ಹೊನ್ನಾಳಿ_ನದಿ

ಇಷ್ಟ ಇಲ್ಲ ಅಂದರೆ ಬಿಟ್ಟುಬಿಡಿ ಮೇಡಂ. ಜೀವಕ್ಕಿಂತ ದೊಡ್ಡದೇನಿದೆ.

ಜಗಳೂರು_ಹುಡುಗಿ

ಬಿಡಬಹುದು ಅಣ್ಣ. ಮುಂದಿನ ತಿಂಗಳು ಮನೆಗೆ ಏನು ಕಳಿಸಲಿ? ತಮ್ಮ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾನೆ. ಸದ್ಯಕ್ಕೆ ಬಿಡಲು ಆಗುವುದಿಲ್ಲ, ಅದಕ್ಕೇ ಕೇಳುತ್ತಿರುವುದು.

ನಿವೃತ್ತ_ಸಿಸ್ಟರ್

ತಂಗೀ, ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಹರಿಹರ, ಚನ್ನಗಿರಿ, ಕೊನೆಗೆ ದಾವಣಗೆರೆ. ನಿನಗೊಂದು ಮಾತು ಹೇಳುತ್ತೇನೆ, ಇದನ್ನು ನನ್ನ ಮಕ್ಕಳಿಗೂ ಹೇಳಿಲ್ಲ. ನನಗೂ ಈ ಕೆಲಸ ಇಷ್ಟ ಇರಲಿಲ್ಲ. ಮೊದಲ ದಿನವೂ ಇರಲಿಲ್ಲ, ಕೊನೆಯ ದಿನವೂ ಇರಲಿಲ್ಲ. ರಕ್ತ, ಕೀವು, ವಾಸನೆ, ಗಂಡಸರ ಮಾತು, ರಾತ್ರಿ ಪಾಳಿ ಯಾವುದೂ ಹಿಡಿಸಲಿಲ್ಲ. ಆದರೂ ನನ್ನ ಕೈಯಿಂದ ಒಂದು ಇಂಜೆಕ್ಷನ್ ತಪ್ಪು ಹೋಗಿಲ್ಲ. ನನ್ನ ವಾರ್ಡಿನಲ್ಲಿ ಮಲಗಿದವರಿಗೆ ಬೆನ್ನಿಗೆ ಹುಣ್ಣಾಗಲು ಬಿಟ್ಟಿಲ್ಲ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿಯೇ ಬದಲಿಸಿದ್ದೇನೆ.

ಇಷ್ಟ ಬೇರೆ, ನೆಟ್ಟಗೆ ಮಾಡುವುದು ಬೇರೆ. ನಮಗೆ ಎರಡನ್ನೂ ಸೇರಿಸಿ ಕಲಿಸಿಬಿಟ್ಟರು. ತರಬೇತಿ ಮುಗಿಸುವಾಗ ಕೈಯಲ್ಲಿ ದೀಪ ಕೊಟ್ಟು ಪ್ರತಿಜ್ಞೆ ಮಾಡಿಸಿದರು, ಪ್ರತಿ ಮೇ 12ಕ್ಕೆ ನೈಟಿಂಗೇಲ್ ಹುಟ್ಟಿದ ದಿನ ಅಂತ ಭಾಷಣ ಮಾಡಿ ತಾಯಿ, ದೇವತೆ ಅಂದರು. ಒಳಗೆ ಪ್ರೀತಿ ಉಕ್ಕದಿದ್ದರೆ ನಾನೇ ಕೆಟ್ಟವಳು ಅಂದುಕೊಂಡು ಹತ್ತು ವರ್ಷ ಕೊರಗಿದೆ. ರೈತ ದಿನಾ ಸಂತೋಷದಿಂದಲೇ ಗದ್ದೆಗೆ ಇಳಿಯುತ್ತಾನಾ? ಕಳೆ ಕೀಳುವುದು ಯಾರಿಗೆ ಇಷ್ಟ? ಆದರೂ ಬೆಳೆ ಬರುತ್ತದೆ ಅಲ್ವಾ. ನೀನು ಕೆಲಸವನ್ನು ಪ್ರೀತಿಸಬೇಕಾಗಿಲ್ಲ ಕಣಮ್ಮ. ಅದೊಂದು ಹೊರೆಯನ್ನು ಇವತ್ತೇ ಕೆಳಗಿಳಿಸು. ಅರ್ಧ ಭಾರ ಅದೇ.

ಅಜ್ಜಿ ವಿಷಯ. ಅವರು ಇನ್ನೂ ವಾರ್ಡಿನಲ್ಲೇ ಇದ್ದರೆ ನಾಳೆ ಹೋಗಿ ಒಂದು ಲೋಟ ನೀರು ನೀನೇ ಕೊಡು. ದೊಡ್ಡ ಮಾತೇನೂ ಬೇಡ, "ಅವತ್ತು ರಾತ್ರಿ ಬೈದೆ, ತಪ್ಪು ನನ್ನದು" ಅಂದರೆ ಸಾಕು. ನೀನು ಸಿಡುಕಿದ್ದು ಕೆಟ್ಟವಳು ಅಂತಲ್ಲ, ದಣಿದಿದ್ದೀಯ ಅಂತ. ಆದರೂ ಅಜ್ಜಿಗೆ ಅದು ಗೊತ್ತಾಗಬೇಕಲ್ಲ.

ಇನ್ನೊಂದು. ಮನೆಗೆ ಬಂದ ಮೇಲೂ "ಆ ಆರನೇ ಬೆಡ್ಡಿಗೆ ಆ್ಯಂಟಿಬಯಾಟಿಕ್ ಕೊಟ್ಟೆನಾ ಇಲ್ವಾ" ಅಂತ ತಲೆ ಕೊರೆಯುತ್ತದಾ? ನನಗೆ ಅದೇ ದೊಡ್ಡ ಹಿಂಸೆಯಾಗಿತ್ತು. ಕೊನೆಗೆ ಕಂಡುಕೊಂಡದ್ದು ಇಷ್ಟೇ. ಕೊಟ್ಟ ಕ್ಷಣದಲ್ಲೇ ಕೇಸ್ ಶೀಟಿನಲ್ಲಿ ಸಮಯ ಬರೆದು ಸಹಿ ಹಾಕುವುದು, ಆಮೇಲೆ ಒಟ್ಟಿಗೆ ಬರೆಯೋಣ ಅಂತ ಬಿಡದಿರುವುದು. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಅದರಲ್ಲಿ ಬೆಡ್ ನಂಬರ್ ಮತ್ತು ಬಾಕಿ ಕೆಲಸ. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಅದನ್ನು ನೋಡಿಕೊಂಡೇ ಕೊಡುತ್ತಿದ್ದೆ. ಕೊಟ್ಟಾದ ಮೇಲೆ ಕೈ ಚೆನ್ನಾಗಿ ತೊಳೆದುಕೊಂಡು ಆ ಹಾಳೆ ಹರಿದು ಬುಟ್ಟಿಗೆ ಹಾಕುತ್ತಿದ್ದೆ. ಅಲ್ಲಿಗೆ ವಾರ್ಡ್ ಮುಗಿಯಿತು. ಮನಸ್ಸಿಗೆ ಆ ಹರಿಯುವ ಸದ್ದು ಬೇಕು.

ಚನ್ನಗಿರಿ_ಅಡಿಕೆ

ಯಾರೂ ತಪ್ಪು ತಿಳಿಯಬೇಡಿ. ಈಗಿನ ಹುಡುಗಿಯರಿಗೆ ತಾಳ್ಮೆ ಕಡಿಮೆ ಅಂತ ನನಗನ್ನಿಸುತ್ತದೆ. ಎಲ್ಲ ಕೆಲಸದಲ್ಲೂ ಕಷ್ಟ ಇದೆ. ನಾವು ತೋಟದಲ್ಲಿ ಬೆನ್ನು ಮುರಿಯುವ ಹಾಗೆ ದುಡಿಯುತ್ತೇವೆ, ಯಾರ ಹತ್ತಿರ ಹೇಳೋಣ? ಹೊಂದಿಕೊಂಡು ಹೋಗಬೇಕು.

ದುರ್ಗದ_ಐಸಿಯು

ಅಣ್ಣಾ, ನಿಮ್ಮ ದುಡಿಮೆ ಬಗ್ಗೆ ಗೌರವ ಇದೆ. ಆದರೆ ಇಪ್ಪತ್ತೆಂಟು ರೋಗಿಗಳಿಗೆ ರಾತ್ರಿ ಒಬ್ಬರೇ ನರ್ಸ್ ಅಂದರೆ ಅದು ತಾಳ್ಮೆಯ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ನೋಡಿ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು. ಅದರ ಮೇಲೆ ರಜೆಗೆ ಅಂತ ಶೇ. 30 ಜನ ಹೆಚ್ಚುವರಿ ಇರಬೇಕು. ಈ ಲೆಕ್ಕಕ್ಕೂ ವಾರ್ಡಿಗೂ ಎಷ್ಟು ದೂರ ಇದೆ ಅಂತ ಇಲ್ಲಿರುವ ಎಲ್ಲ ನರ್ಸುಗಳಿಗೂ ಗೊತ್ತು.

ನಾನು ಚಿತ್ರದುರ್ಗದವನು, ಗಂಡು ನರ್ಸ್, ಒಂಬತ್ತು ವರ್ಷದ ಅನುಭವ. ತಂಗಿ, ನೀವು ಬರೆದದ್ದನ್ನು ನಾನು ಎರಡು ಸಲ ಓದಿದೆ. ನಿಮ್ಮ ಮಾತಿನಲ್ಲಿ ಮೂರು ಬೇರೆ ಬೇರೆ ನೋವು ಒಂದೇ ಗಂಟಾಗಿ ಕೂತಿವೆ ಅನ್ನಿಸಿತು. ಕೆಲಸವೇ ಇಷ್ಟವಿಲ್ಲದಿರುವುದು ಒಂದು, ಈ ಆಸ್ಪತ್ರೆ ನಿಮ್ಮನ್ನು ನಡೆಸಿಕೊಳ್ಳುತ್ತಿರುವ ರೀತಿ ಇನ್ನೊಂದು, ಮೂರನೆಯದು ನಿದ್ದೆಗೆಟ್ಟ ದೇಹ. ನನಗೆ ಮೊದಲ ಮೂರು ವರ್ಷ ನರ್ಸಿಂಗೇ ಬೇಡ ಅನ್ನಿಸಿತ್ತು. ಜಾಗ ಬದಲಿಸಿದೆ. ಆಗ ಗೊತ್ತಾಯಿತು, ನನ್ನ ಸಿಟ್ಟು ಕೆಲಸದ ಮೇಲಲ್ಲ, ಒಬ್ಬ ಮೇಲ್ವಿಚಾರಕರ ಮೇಲೆ ಇತ್ತು. ನಿಮ್ಮದು ಹಾಗೇ ಇರಬೇಕು ಅಂತೇನಿಲ್ಲ. ಆದರೆ ಗಂಟು ಬಿಚ್ಚಿ ನೋಡಿ, ಯಾವುದಕ್ಕೆ ಯಾವ ಮದ್ದು ಅಂತ ಆಗ ತಿಳಿಯುತ್ತದೆ.

ಒಬ್ಬರೇ ಇರುವ ರಾತ್ರಿ ರಿಪೋರ್ಟ್ ಪುಸ್ತಕದಲ್ಲಿ ತಪ್ಪದೆ ಬರೆಯಿರಿ: "28 ರೋಗಿಗಳು, ಒಬ್ಬರೇ ಸಿಬ್ಬಂದಿ, ಇಂಥ ಸಮಯಕ್ಕೆ ಸೂಪರ್‌ವೈಸರ್‌ಗೆ ತಿಳಿಸಿದೆ." ಜಗಳ ಬೇಡ, ದೂರು ಬೇಡ, ಬರೀ ಸಂಗತಿ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ನಿಮ್ಮನ್ನು ಕಾಯುವುದು ಆ ಎರಡು ಸಾಲು.

ರೋಗಿಯ ಕಡೆಯವರು ಕೈ ಎತ್ತಿದರೆ ಸಹಿಸಿಕೊಂಡು ಕೂರಬೇಡಿ. ನಮ್ಮ ರಾಜ್ಯದಲ್ಲಿ 2009ರಿಂದಲೇ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕಾಯ್ದೆ ಇದೆ. ಅದು ಡಾಕ್ಟರಿಗೆ ಮಾತ್ರ ಅಲ್ಲ, ನರ್ಸುಗಳಿಗೂ ನರ್ಸಿಂಗ್ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಜೈಲು, ದಂಡ ಎರಡೂ ಇದೆ, ಜಾಮೀನು ಸುಲಭಕ್ಕೆ ಸಿಗದ ಅಪರಾಧ.

ಜಗಳೂರು_ಹುಡುಗಿ

ಅಕ್ಕ, ನಿಮ್ಮ ಉತ್ತರವನ್ನು ಪಿಜಿಯ ಟೆರೇಸಿನಲ್ಲಿ ಕೂತು ಓದಿದೆ. "ಪ್ರೀತಿಸಬೇಕಾಗಿಲ್ಲ" ಅನ್ನುವ ಮಾತು ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಅಜ್ಜಿ ಇನ್ನೂ ಇದ್ದಾರೆ. ಇವತ್ತು ರಾತ್ರಿ ಡ್ಯೂಟಿ ಇದೆ, ಹೋಗುತ್ತೇನೆ.

ಅಣ್ಣ, ಗಂಟು ಬಿಚ್ಚಿ ನೋಡಲು ಕೂತೆ. ದೇಹ ಸೋತಿರುವುದು ನಿಜ. ಹೋದ ತಿಂಗಳು ಸತತ ಎಂಟು ನೈಟ್ ಮಾಡಿಸಿದರು. ಏಳನೇ ರಾತ್ರಿ ಸೂಜಿ ಚುಚ್ಚಿಕೊಂಡೆ, ಬೈಯುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ಇನ್ನೊಂದು ಹೇಳಲು ನಾಚಿಕೆ. ಡ್ಯೂಟಿಗೆ ನಡೆದುಕೊಂಡು ಹೋಗುವಾಗ ಒಂದು ಬೈಕ್ ಬಂದು ಗುದ್ದಿ ಕೈ ಮುರಿದರೆ ಒಂದು ತಿಂಗಳು ರಜೆ ಸಿಗುತ್ತದೆ ಅಂತ ಅನ್ನಿಸುತ್ತದೆ. ಈ ಯೋಚನೆ ದಿನಾ ಬರುತ್ತದೆ.

ದುರ್ಗದ_ಐಸಿಯು

ಮೊದಲು ಸೂಜಿ ವಿಷಯ. ಬೇರೆಯವರೂ ಓದುತ್ತಿದ್ದೀರಿ, ಎಲ್ಲರಿಗೂ ಹೇಳುತ್ತೇನೆ. ಚುಚ್ಚಿಕೊಂಡ ಕೂಡಲೇ ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಬಾಯಿಗೆ ಇಟ್ಟುಕೊಳ್ಳಬಾರದು. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ, ಒಟ್ಟು 28 ದಿನ ತೆಗೆದುಕೊಳ್ಳಬೇಕು. ಬೈಗುಳಕ್ಕೆ ಹೆದರಿ ಆ ಎರಡು ಗಂಟೆ ಕಳೆದುಕೊಳ್ಳಬೇಡಿ.

ತಂಗಿ, ನಿಮಗೆ ಆ ಸಮಯ ದಾಟಿದೆ. ಆದರೂ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಮಾಲೋಚನೆ, ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ ನೋಡಿಸಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯಾ? ಈಗ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಆಗಿಲ್ಲದಿದ್ದರೆ ಇದೇ ವಾರ ಶುರು ಮಾಡಿ. ಪರೀಕ್ಷೆಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಗೆಳತಿಯನ್ನು ಕರೆದುಕೊಂಡು ಹೋಗಿ.

ಮಾತು_ಕೇಳುವವಳು

ನಾನು ಮನೋವೈದ್ಯಕೀಯ ವಿಭಾಗದಲ್ಲಿ ಆಪ್ತ ಸಮಾಲೋಚಕಿ. ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ, ಆ ಬೈಕಿನ ಮಾತು ನೋಡಿ ಬರೆಯಲೇಬೇಕು ಅನ್ನಿಸಿತು.

ತಂಗಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪೆಟ್ಟಾದರೂ ಪರವಾಗಿಲ್ಲ, ರಜೆ ಸಿಗಲಿ ಅನ್ನುವ ಯೋಚನೆಯನ್ನು ತುಂಬ ದಣಿದವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಹಾಗಂತ ಹಗುರವಾಗಿ ಬಿಡುವ ಮಾತೂ ಅಲ್ಲ. ನೇರವಾಗಿ ಕೇಳುತ್ತೇನೆ. ಸಾಯಬೇಕು ಅಂತ, ನೀವೇ ನಿಮಗೆ ಏನಾದರೂ ಮಾಡಿಕೊಳ್ಳಬೇಕು ಅಂತ ಅನ್ನಿಸಿದೆಯಾ? ಇಲ್ಲಿ ಉತ್ತರ ಕೊಡಬೇಕಿಲ್ಲ. ಹೌದು ಅಂತಾದರೆ ಇವತ್ತೇ, ಈಗಲೇ ಟೆಲಿ ಮಾನಸ್‌ಗೆ ಫೋನ್ ಮಾಡಿ, ಮತ್ತು ಪಿಜಿಯಲ್ಲಿ ಒಬ್ಬರಿಗಾದರೂ ಹೇಳಿ. ನಂಬರ್ 14416. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹೌದು ಅಲ್ಲದಿದ್ದರೂ ಫೋನ್ ಮಾಡಬಹುದು. "ಕೆಲಸಕ್ಕೆ ಹೋಗುವ ಮೊದಲು ಹೊಟ್ಟೆ ಹಿಡಿಯುತ್ತದೆ" ಅನ್ನುವುದೇ ಸಾಕಷ್ಟು ಕಾರಣ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಪಟ್ಟಿಯಲ್ಲಿ ‘ಬರ್ನ್‌ಔಟ್’ ಬಗ್ಗೆ ಬರೆದಿದ್ದಾರೆ. ಅದನ್ನು ಕಾಯಿಲೆ ಅಂತ ಕರೆದಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿದ್ದಾರೆ. ಗುರುತು ಮೂರು. ಶಕ್ತಿಯೇ ಬರಿದಾದ ಹಾಗಾಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಏನು ಮಾಡಿದರೂ ಸರಿ ಮಾಡಿದ ಹಾಗೆ ಅನ್ನಿಸದಿರುವುದು. ಅಜ್ಜಿಗೆ ಸಿಡುಕಿದ್ದು ಎರಡನೆಯದು, ಆಮೇಲೆ ನಿದ್ದೆ ಬಿಟ್ಟು ಕೊರಗಿದ್ದು ನಿಮ್ಮೊಳಗೆ ಕರುಣೆ ಇನ್ನೂ ಬತ್ತಿಲ್ಲ ಅನ್ನುವುದಕ್ಕೆ ಗುರುತು.

ನಿದ್ದೆ ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆಯೂ ಇರಬಹುದು, ವೈದ್ಯರೇ ನೋಡಬೇಕು. ಆಸ್ಪತ್ರೆಯವರಿಗೆ ಗೊತ್ತಾಗುತ್ತದೆ ಅಂತ ಭಯ ಇದ್ದರೆ ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ.

ನೈಟ್_ಡ್ಯೂಟಿ_ಹರಿಹರ

ನಿದ್ದೆ ಬಗ್ಗೆ ನನ್ನದೂ ಒಂದಿಷ್ಟು. ಆರು ವರ್ಷ ನೈಟ್ ಮಾಡಿ ಕಲಿತದ್ದು.

ನೈಟಿಗೆ ಹೋಗುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಲೇಬೇಕು. ರಾತ್ರಿ ಹನ್ನೆರಡರೊಳಗೆ ಊಟ, ಆಮೇಲೆ ಮೂರು ಗಂಟೆಗೆ ಒಂದು ಹಿಡಿ ಮಂಡಕ್ಕಿ ಒಗ್ಗರಣೆ ಅಥವಾ ಬಾಳೆಹಣ್ಣು, ಅಷ್ಟೇ. ಮೂರು ಗಂಟೆಗೆ ಅನ್ನ ಸಾರು ತಿಂದರೆ ಕಣ್ಣು ಎಳೆಯುತ್ತದೆ, ಹೊಟ್ಟೆಯೂ ಕೆಡುತ್ತದೆ. ಚಹಾ ಕಾಫಿ ಎರಡು ಗಂಟೆಗೆ ಕೊನೆ. ಕುಡಿದ ಕಾಫಿಯ ಅರ್ಧ ಕಸುವು ಐದಾರು ಗಂಟೆ ಮೈಯಲ್ಲೇ ಇರುತ್ತದೆ, ಬೆಳಿಗ್ಗೆ ಐದಕ್ಕೆ ಕುಡಿದರೆ ಒಂಬತ್ತಕ್ಕೆ ನಿದ್ದೆ ಹತ್ತುವುದಿಲ್ಲ. ಜೊತೆಯವರು ಇದ್ದ ರಾತ್ರಿ ಸರದಿಯ ಮೇಲೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಮುಕ್ಕಾಲು ಗಂಟೆ ಮಲಗಿ ಎದ್ದರೆ ತಲೆ ಮಂಕಾಗುತ್ತದೆ, ಆಗ ಇಂಜೆಕ್ಷನ್ ಮುಟ್ಟಬೇಡಿ.

ಬೆಳಿಗ್ಗೆ ಹೊರಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಕು ಕಣ್ಣಿಗೆ ಬಿದ್ದರೆ ಮೈ ಎಚ್ಚರವಾಗುತ್ತದೆ. ನನ್ನನ್ನು ನೋಡಿ ಆಟೊ ಸ್ಟ್ಯಾಂಡಿನಲ್ಲಿ ನಗುತ್ತಿದ್ದರು, ನಗಲಿ. ಸ್ಕೂಟಿ ಓಡಿಸಬೇಡಿ, ನನ್ನ ಗೆಳತಿ ಪಿ.ಬಿ. ರಸ್ತೆಯಲ್ಲಿ ತೂಕಡಿಸಿ ಬಿದ್ದಳು, ದೇವರ ದಯೆ ಬದುಕಿದಳು.

ದಾವಣಗೆರೆ ಬೇಸಿಗೆಯಲ್ಲಿ ಹಗಲು ಮಲಗುವುದು ದೊಡ್ಡ ಶಿಕ್ಷೆ, ಅದರಲ್ಲೂ ಶೀಟಿನ ಮನೆಯಾದರೆ. ಕಿಟಕಿಗೆ ಒದ್ದೆ ಸೀರೆ ಕಟ್ಟಿ, ನೆಲ ಒರೆಸಿ, ಕೆಳಗೆ ಚಾಪೆ ಹಾಸಿ ಮಲಗಿ. ಫೋನ್ ಬೇರೆ ರೂಮಿನಲ್ಲಿ ಇರಲಿ. ಮನೆಯವರಿಗೆ "ನೈಟ್ ಇದ್ದ ದಿನ ಮಧ್ಯಾಹ್ನ ಎರಡರವರೆಗೆ ಫೋನ್ ಬೇಡ" ಅಂತ ಹೇಳಿಬಿಡಿ. ನಮ್ಮಮ್ಮನಿಗೆ ಅರ್ಥ ಮಾಡಿಸಲು ಆರು ತಿಂಗಳು ಹಿಡಿಯಿತು.

ಎಂಟನೇ_ಬೆಡ್

ನಾನು ನರ್ಸ್ ಅಲ್ಲ. ಹೋದ ವರ್ಷ ನಮ್ಮಪ್ಪನನ್ನು ದಾವಣಗೆರೆಯಲ್ಲಿ ಹನ್ನೊಂದು ದಿನ ಸೇರಿಸಿದ್ದೆವು. ನಾನು ಒಬ್ಬ ಸಿಸ್ಟರ್ ಮೇಲೆ ಕೂಗಾಡಿದೆ. ಡ್ರಿಪ್ ಮುಗಿದು ಪೈಪಿನಲ್ಲಿ ರಕ್ತ ಕಾಣಿಸಿತ್ತು, ಮೂರು ಸಲ ಕರೆದರೂ ಬರಲಿಲ್ಲ ಅಂತ ಬಾಯಿಗೆ ಬಂದ ಹಾಗೆ ಅಂದೆ. ಆಕೆ ಏನೂ ಅನ್ನದೆ ಸರಿಮಾಡಿ ಹೋದರು. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಪಕ್ಕದ ಕೋಣೆಯಲ್ಲಿ ಒಬ್ಬರು ತೀರಿಕೊಳ್ಳುತ್ತಿದ್ದರು, ಆಕೆ ಅಲ್ಲಿ ಎದೆ ಒತ್ತುತ್ತಿದ್ದರು. ಡಿಸ್ಚಾರ್ಜ್ ದಿನ ಕ್ಷಮೆ ಕೇಳೋಣ ಅಂದರೆ ಆಕೆಗೆ ಅವತ್ತು ಆಫ್. ಈ ಚರ್ಚೆ ಓದುವಾಗ ಆಕೆಯ ಮುಖ ಕಣ್ಣ ಮುಂದೆ ಬಂತು. ನಮಗೆ ನಿಮ್ಮ ವಾರ್ಡಿನ ಆ ತುದಿ ಕಾಣುವುದಿಲ್ಲ ಸಿಸ್ಟರ್. ನಮ್ಮ ಬೆಡ್ ಒಂದೇ ಕಾಣುತ್ತದೆ. "ಬರ್ತೀನಿ, ಹತ್ತು ನಿಮಿಷ, ಅಲ್ಲಿ ಒಬ್ಬರಿಗೆ ತುಂಬ ಸೀರಿಯಸ್ ಇದೆ" ಅಂತ ಒಂದು ಮಾತು ಯಾರಾದರೂ ಹೇಳಿದ್ದರೆ ನಾನು ಹಾಗೆ ಕೂಗುತ್ತಿರಲಿಲ್ಲ.

ನಿವೃತ್ತ_ಸಿಸ್ಟರ್

ಇದು ನಿಜ. ಹತ್ತು ನಿಮಿಷ ಅಂತ ಹೇಳಿ ಹೋದರೆ ಅರ್ಧ ಜಗಳ ಇಲ್ಲ. ಹೇಳಿದ ಮೇಲೆ ಹತ್ತು ನಿಮಿಷಕ್ಕೆ ಮುಖ ತೋರಿಸಬೇಕು, ಕೆಲಸ ಆಗದಿದ್ದರೂ.

ಚನ್ನಗಿರಿ_ಅಡಿಕೆ

ನಾನು ಮೊದಲು ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಮಗಳೇ. ಇಪ್ಪತ್ತೆಂಟು ಜನಕ್ಕೆ ಒಬ್ಬಳು ಅನ್ನುವುದನ್ನು ನಾನು ಸರಿಯಾಗಿ ಓದಿರಲಿಲ್ಲ. ತೋಟದಲ್ಲಿ ನಾವು ಅಡಿಕೆ ಕೊನೆ ಇಳಿಸುವಾಗಲೂ ಇಷ್ಟು ಮರಕ್ಕೆ ಇಷ್ಟು ಆಳು ಅಂತ ಲೆಕ್ಕ ಹಾಕುತ್ತೇವೆ.

ಪಾಠದ_ಮನೆ

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನೀವು ಟೀಚರ್ ಆಗಬೇಕಿತ್ತು ಅಂದಿರಿ, ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನನಗೆ ಅದೇ ಮುಖ್ಯ ಅನ್ನಿಸಿತು.

ದಾರಿ ಎರಡಿವೆ. ಒಂದು, ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್. ಜಿಎನ್‌ಎಂ ಆದವರಿಗೆ ಎರಡು ವರ್ಷ. ಅದಾದ ಮೇಲೆ ನರ್ಸಿಂಗ್ ಶಾಲೆಗಳಲ್ಲಿ ಟ್ಯೂಟರ್ ಆಗಬಹುದು. ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೂ ಬಿಎಸ್ಸಿಯವರನ್ನು ಕರೆಯುತ್ತಾರೆ, ಅದರಲ್ಲಿ ಹಳ್ಳಿಯ ಉಪಕೇಂದ್ರದಲ್ಲಿ ಕೆಲಸ, ನೈಟ್ ವಾರ್ಡ್ ಇಲ್ಲ. ಇನ್ನೊಂದು, ನರ್ಸಿಂಗನ್ನೇ ಬಿಟ್ಟು ಹೋಗುವ ದಾರಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಲೇ ಬಿಎ ಓದಬಹುದು, ಕನ್ನಡ ಐಚ್ಛಿಕ ತೆಗೆದುಕೊಳ್ಳಿ. ಆಮೇಲೆ ಬಿ.ಎಡ್. ಬಿ.ಎಡ್‌ಗೆ ಪದವಿಯಲ್ಲಿ ಶೇ. 50 ಬೇಕು, ಮೊದಲ ಸೆಮಿಸ್ಟರಿನಿಂದಲೇ ಅಂಕದ ಮೇಲೆ ಕಣ್ಣಿಡಿ. ಎಲ್ಲ ಸೇರಿ ಐದು ವರ್ಷದ ದಾರಿ. ಉದ್ದ ಅನ್ನಿಸುತ್ತದೆ. ಆದರೆ ಐದು ವರ್ಷ ಹೇಗೂ ಕಳೆಯುತ್ತದೆ.

ಸರ್ಕಾರಿ ಕೆಲಸ ಅಂತ ನೋಡುವುದಾದರೆ ಏಮ್ಸ್‌ನವರ ನಾರ್ಸೆಟ್ ಅನ್ನುವ ನರ್ಸ್ ನೇಮಕಾತಿ ಪರೀಕ್ಷೆಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಅನುಭವ ಇರುವ ಜಿಎನ್‌ಎಂನವರೂ ಕೂರಬಹುದು. ಅದಕ್ಕೇ ಅನುಭವ ಪತ್ರವನ್ನು ಈಗಿನಿಂದಲೇ ಜೋಪಾನ ಮಾಡಿ.

ಮೂಲ ಅಂಕಪಟ್ಟಿ, ನರ್ಸಿಂಗ್ ಪರಿಷತ್ತಿನ ನೋಂದಣಿ ಪತ್ರ ನಿಮ್ಮ ಕೈಯಲ್ಲೇ ಇದೆಯಾ? ಬಾಂಡ್ ಅಂತ ಹೇಳಿ ಇಟ್ಟುಕೊಂಡಿದ್ದರೆ ಬರವಣಿಗೆಯಲ್ಲಿ ವಾಪಸ್ ಕೇಳಿ. ನಿಮ್ಮ ಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಸಂಬಳದ ಬಗ್ಗೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿ ಒಂದು ಶಿಫಾರಸು ಕೊಟ್ಟಿತ್ತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ ಕನಿಷ್ಠ 20,000, 200 ದಾಟಿದರೆ ಸರ್ಕಾರಿ ನರ್ಸಿನಷ್ಟೇ. ಅದು ಶಿಫಾರಸಾಗಿಯೇ ಉಳಿದಿದೆ. ಹತ್ತು ವರ್ಷದ ಹಿಂದಿನ ಇಪ್ಪತ್ತು ಸಾವಿರ ಅದು, ನಿಮಗೆ ಈಗ ಹದಿನಾಲ್ಕು. ಓದಿ ಹೊಟ್ಟೆ ಉರಿಯಿತು.

ಸಂಬಳ 21,000ದ ಒಳಗಿದ್ದರೆ ನೌಕರರ ವಿಮೆಯಾದ ಇಎಸ್‌ಐ ಇರಬೇಕು. ಸ್ಲಿಪ್ಪಿನಲ್ಲಿ ಕಡಿತ ಆಗುತ್ತಿದ್ದರೆ ಕಾಯಿಲೆ ರಜೆಗೆ ಅಲ್ಲಿಂದಲೇ ಭತ್ಯೆ ಸಿಗುತ್ತದೆ. ಕೈ ಮುರಿಯಬೇಕಾಗಿಲ್ಲ ತಂಗಿ.

ಜಗಳೂರು_ಹುಡುಗಿ (ಮೂರು ವಾರದ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಜ್ಜಿಗೆ ನೀರು ಕೊಟ್ಟೆ. ಅಕ್ಕ ಹೇಳಿದ ಮಾತನ್ನೇ ಹೇಳಿದೆ. ಅಜ್ಜಿಗೆ ಆ ರಾತ್ರಿಯ ನೆನಪೇ ಇರಲಿಲ್ಲ. "ನೀನಲ್ಲ ಬಿಡವ್ವ, ಬೇರೆ ಯಾರೋ ಇರಬೇಕು" ಅಂದರು. ನಾನೇ ಅಜ್ಜಿ ಅಂದೆ. ಅದಕ್ಕೆ ನನ್ನ ಕೈ ಹಿಡಿದುಕೊಂಡು ಯಾವೂರು, ಮದುವೆ ಆಗಿದೆಯಾ ಅಂತೆಲ್ಲ ವಿಚಾರಿಸಿದರು. ಎರಡು ದಿನ ಬಿಟ್ಟು ಡಿಸ್ಚಾರ್ಜ್ ಆಯಿತು.

14416ಕ್ಕೆ ಮಾಡಿದೆ. ಮೊದಲ ಸಲ ಎತ್ತಿದ ಕೂಡಲೇ ಇಟ್ಟುಬಿಟ್ಟೆ. ಎರಡನೇ ಸಲ ಅರ್ಧ ಗಂಟೆ ಮಾತಾಡಿದೆ, ಅದರಲ್ಲಿ ಹತ್ತು ನಿಮಿಷ ಬರೀ ಅತ್ತೆ, ಆ ಕಡೆಯವರು ಅವಸರ ಮಾಡಲಿಲ್ಲ. ಸಾಯಬೇಕು ಅಂತ ಇಲ್ಲ ಅಕ್ಕ, ಬರೀ ಮಲಗಬೇಕು ಅಂತ. ಆಮೇಲೆ ಮನೋವೈದ್ಯರನ್ನೂ ಕಂಡೆ. ಸದ್ಯಕ್ಕೆ ಮಾತ್ರೆ ಬೇಡ, ನಿದ್ದೆ ಸರಿಮಾಡಿಕೊಂಡು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ.

ರಕ್ತ ಪರೀಕ್ಷೆ ನೆಗೆಟಿವ್ ಬಂತು. ಇನ್ನೊಂದು ಸಲ ಮಾಡಿಸಬೇಕು ಅಂದಿದ್ದಾರೆ. ಲಸಿಕೆ ಒಂದು ಡೋಸ್ ಆಯಿತು.

ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಸತತ ನಾಲ್ಕಕ್ಕಿಂತ ಜಾಸ್ತಿ ನೈಟ್ ಬೇಡ ಅಂತ ಕೇಳಿದೆ. ಮೊದಲು ಬೈದರು. ನಾನೊಬ್ಬಳೇ ಕೇಳಿದರೆ ಆಗುವುದಿಲ್ಲ ಅಂತ ನಾವು ಐದು ಜನ ಸೇರಿ ಒಂದು ಪತ್ರ ಬರೆದು, ನಾವೇ ಒಂದು ಪಾಳಿ ಪಟ್ಟಿ ಮಾಡಿ ಕೊಟ್ಟೆವು. ಈಗ ಐದು ನೈಟ್, ಎರಡು ಆಫ್. ಒಬ್ಬಳೇ ಇರುವ ರಾತ್ರಿ ಇನ್ನೂ ಇದೆ, ರಿಪೋರ್ಟಿನಲ್ಲಿ ಬರೆಯುತ್ತಿದ್ದೇನೆ. ಡಾಕ್ಟರ್ ಬೈಗುಳ ಹಾಗೇ ಇದೆ.

ಆಫ್ ಇದ್ದ ದಿನ ಕುಂದವಾಡ ಕೆರೆ ಏರಿ ಮೇಲೆ ನಡೆಯಲು ಹೋಗುತ್ತೇನೆ. ನೀರಿನ ಮೇಲೆ ಹಕ್ಕಿ ಕೂತಿರುತ್ತವೆ, ಯಾರೂ ಸಿಸ್ಟರ್ ಅಂತ ಕರೆಯುವುದಿಲ್ಲ.

ಚೆನ್ನಾಗಿ ಮಲಗಿ ಎದ್ದ ಮೇಲೂ ಕೇಳಿಕೊಂಡೆ, ಈ ಕೆಲಸ ಇಷ್ಟವಾ ಅಂತ. ಇಲ್ಲ. ದಣಿವು ಹೋದರೂ ಅದು ಹೋಗಲಿಲ್ಲ. ಆದರೆ ಈಗ ಅದರಿಂದ ಭಯ ಆಗುತ್ತಿಲ್ಲ. ಮುಕ್ತ ವಿವಿಯಲ್ಲಿ ಬಿಎಗೆ ಈ ಸಲ ಪ್ರವೇಶ ಶುರುವಾದ ಕೂಡಲೇ ಸೇರುತ್ತೇನೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ, ನನಗೆ ಇದು ಇಷ್ಟವಿಲ್ಲ, ಸಾಲ ತೀರುವವರೆಗೆ ಮಾಡುತ್ತಲೇ ಓದುತ್ತೇನೆ ಅಂತ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಮೊದಲೇ ಹೇಳಬಾರದಿತ್ತೇನವ್ವ" ಅಂದರು.

ನಿವೃತ್ತ_ಸಿಸ್ಟರ್

ಓದಿ ಕಣ್ಣಲ್ಲಿ ನೀರು ಬಂತು ಕಣಮ್ಮ. ಪುಸ್ತಕಕ್ಕೆ ದುಡ್ಡು ಬೇಕಾದರೆ ಹೇಳು, ಸಂಕೋಚ ಬೇಡ.

ಹಿರಿಯೂರು_ಹೊಸಬಳು

ಎಲ್ಲವನ್ನೂ ಇವತ್ತು ಒಂದೇ ಸಲ ಓದಿದೆ. ನಾನು ಹಿರಿಯೂರು ಕಡೆಯವಳು, ಕೆಲಸಕ್ಕೆ ಸೇರಿ ಎರಡು ತಿಂಗಳು. ಇವತ್ತು ರಾತ್ರಿ ಮೊದಲ ಸಲ ಒಬ್ಬಳೇ ನೈಟ್. ಕೈ ನಡುಗುತ್ತಿದೆ. ಜಗಳೂರು ಅಕ್ಕ, ನಿಮಗೆ ಮೆಸೇಜ್ ಮಾಡಬಹುದಾ?

ಜಗಳೂರು_ಹುಡುಗಿ

ಮಾಡು ತಂಗಿ, ನನಗೂ ಇವತ್ತು ನೈಟೇ. ಎಷ್ಟು ಬೆಡ್? ಜೇಬಿಗೆ ಒಂದು ಸಣ್ಣ ಪುಸ್ತಕ ಹಾಕಿಕೊಂಡಿದ್ದೀಯಾ? ಮೊದಲು ಊಟ ಮಾಡಿಕೊಂಡು ಹೋಗು.